ಪೆಟ್ಟಿಗೆಯ ಬೆಲೆ, ಗಾಳಿಯ ಬೆಲೆ

ಬೆಂಗಳೂರಿನ ಎಸ್. ಪಿ. ರಸ್ತೆಯ ಅಂಗಡಿಗಳಿಗೆ ಕಂಪ್ಯೂಟರಿನ ಬಿಡಿಭಾಗಗಳನ್ನು ಒಂದೊಂದಾಗಿ ಆರಿಸಿ ಯಂತ್ರ ಕಟ್ಟಿಸಿಕೊಳ್ಳಲು ಬರುವವರ ಲೆಕ್ಕಾಚಾರ ಬಹುಮಟ್ಟಿಗೆ ಒಂದೇ ತೆರನಾದುದು. ಮೊದಲು ಪ್ರೊಸೆಸರು, ಆಮೇಲೆ ಗ್ರಾಫಿಕ್ಸ್ ಕಾರ್ಡು, ಅನಂತರ ಮದರ್‌ಬೋರ್ಡು, ಮೆಮೊರಿ, ಡಿಸ್ಕು. ಇವೆಲ್ಲಕ್ಕೂ ಹಣ ಎಣಿಸಿಕೊಟ್ಟಾದ ಮೇಲೆ ಕಿಸೆಯಲ್ಲಿ ಏನು ಉಳಿದಿದೆಯೋ ಅದರಲ್ಲಿ ಪೆಟ್ಟಿಗೆ. ಮದುವೆಯ ಮನೆಯವರು ಒಡವೆ ವಸ್ತ್ರಗಳಿಗೆ ಕೈಬಿಚ್ಚಿ ಖರ್ಚು ಮಾಡಿ, ಕಡೆಗೆ ಚಪ್ಪರದವನೊಡನೆ ಚೌಕಾಸಿಗೆ ನಿಂತಂತೆ ಇದು. ಚಪ್ಪರದ ನೆನಪಾಗುವುದು ಅದು ಸೋರಿದಾಗ.

ಆ ಪೆಟ್ಟಿಗೆಯನ್ನು ಆರಿಸುವಾಗಲೂ ಕಣ್ಣು ಮೊದಲು ಹೋಗುವುದು ಗಾಜಿನ ಕಡೆಗೆ, ಒಳಗೆ ಮಿನುಗುವ ಬಣ್ಣದ ದೀಪಗಳ ಕಡೆಗೆ. ಗಾಳಿ ಎಲ್ಲಿಂದ ಒಳಗೆ ಬರುತ್ತದೆ, ಎಲ್ಲಿಂದ ಹೊರಗೆ ಹೋಗುತ್ತದೆ ಎಂದು ಕೇಳುವವರು ವಿರಳ. ಆದರೆ ನಲವತ್ತು ಐವತ್ತು ಸಾವಿರ ರೂಪಾಯಿಗಳನ್ನು ವರ್ಷಗಟ್ಟಲೆ ಕೂಡಿಟ್ಟು, ಮಗಳ ಎಂಜಿನಿಯರಿಂಗ್ ಓದಿಗೆಂದೋ ಮಗನ ಚಿತ್ರಸಂಕಲನದ ಕೆಲಸಕ್ಕೆಂದೋ ಒಂದೇ ಒಂದು ಯಂತ್ರ ಕಟ್ಟಿಸುವ ಸಂಸಾರಕ್ಕೆ ಈ ಪ್ರಶ್ನೆ ಸಣ್ಣದೇನೂ ಅಲ್ಲ. ಬೆಲೆಬಾಳುವ ಭಾಗಗಳು ತಮ್ಮ ಪೂರ್ಣ ವೇಗದಲ್ಲಿ ದುಡಿಯುತ್ತವೆಯೇ, ಎಷ್ಟು ಗದ್ದಲ ಮಾಡುತ್ತವೆ, ಎಷ್ಟು ವರ್ಷ ಬಾಳುತ್ತವೆ ಎಂಬುದೆಲ್ಲ ಬಹುಪಾಲು ನಿಂತಿರುವುದು ಎಲ್ಲಕ್ಕಿಂತ ಕಡೆಗೆ, ಎಲ್ಲಕ್ಕಿಂತ ಅಗ್ಗವಾಗಿ ಕೊಂಡ ಆ ತಗಡಿನ ಡಬ್ಬಿಯ ಮೇಲೆ.

ಹಿಂದೆ ಈ ಚಿಂತೆ ಇಷ್ಟಾಗಿ ಇರಲಿಲ್ಲ. ೧೯೮೧ರ ಆಗಸ್ಟ್ ೧೨ರಂದು ಅಮೆರಿಕದ ಐ.ಬಿ.ಎಂ. ಸಂಸ್ಥೆ ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಾಗ ಅದರ ವಿದ್ಯುತ್ ಘಟಕದ ಸಾಮರ್ಥ್ಯ ೬೩.೫ ವ್ಯಾಟ್ ಮಾತ್ರ. ಅಂದಿನ ಮನೆಗಳಲ್ಲಿ ಉರಿಯುತ್ತಿದ್ದ ಒಂದು ಸಾಧಾರಣ ಬಲ್ಬಿನ ಲೆಕ್ಕ ಅದು. ಇಡೀ ಯಂತ್ರಕ್ಕೆ ಇದ್ದುದು ಆ ಘಟಕದೊಳಗಿನ ಒಂದೇ ಫ್ಯಾನು. ಪ್ರೊಸೆಸರಿನ ತಲೆಯ ಮೇಲೆ ಶಾಖ ಹೀರುವ ಲೋಹದ ಹಲ್ಲುಗಳೂ ಇರಲಿಲ್ಲ. ೧೯೯೫ರಲ್ಲಿ ಇಂಟೆಲ್ ಸಂಸ್ಥೆ ಎ.ಟಿ.ಎಕ್ಸ್. ಎಂಬ ಅಳತೆಯ ಕಟ್ಟಳೆಯನ್ನು ರೂಪಿಸಿತು. ಇಂದು ಅಂಗಡಿಯಲ್ಲಿ ಕಾಣುವ ಪೆಟ್ಟಿಗೆಗಳು ಬಹುತೇಕ ಅದರ ಸಂತತಿಯೇ. ಆ ಕಟ್ಟಳೆಯ ಮೊದಲ ರೂಪದಲ್ಲಿ ವಿದ್ಯುತ್ ಘಟಕದ ಫ್ಯಾನು ಹೊರಗಿನ ಗಾಳಿಯನ್ನು ಸೆಳೆದು ನೇರವಾಗಿ ಪ್ರೊಸೆಸರಿನ ಮೇಲೆ ಊದಬೇಕೆಂಬ ಯೋಚನೆಯಿತ್ತು. ಘಟಕದ ಬಿಸಿಯನ್ನೇ ಹೊತ್ತು ಬರುವ ಗಾಳಿ ಪ್ರೊಸೆಸರನ್ನು ಹೇಗೆ ತಣಿಸೀತು? ಕೆಲವೇ ವರ್ಷಗಳಲ್ಲಿ ಗಾಳಿಯ ದಿಕ್ಕನ್ನು ಹಿಂದುಮುಂದು ಮಾಡಬೇಕಾಯಿತು. ಗಾಳಿಯ ದಾರಿಯನ್ನು ತಪ್ಪಾಗಿ ಎಣಿಸುವ ಸಂಕಟ ಅಷ್ಟು ದೊಡ್ಡ ಸಂಸ್ಥೆಗೂ ತಪ್ಪಲಿಲ್ಲವೆಂಬುದು ಸಣ್ಣವರಿಗೆ ಸಮಾಧಾನ ತರುವ ಸಂಗತಿ.

ಇಂದಿನ ಲೆಕ್ಕವೇ ಬೇರೆ. ಎನ್ವಿಡಿಯಾ ಸಂಸ್ಥೆ ೨೦೨೧ರಲ್ಲಿ ಹೊರತಂದ ಆರ್.ಟಿ.ಎಕ್ಸ್. ೩೦೬೦ ಎಂಬುದು ಮಧ್ಯಮ ದರ್ಜೆಯ ಗ್ರಾಫಿಕ್ಸ್ ಕಾರ್ಡು. ಅದೊಂದೇ ೧೭೦ ವ್ಯಾಟ್ ಬೇಡುತ್ತದೆ; ಹಳೆಯ ಐ.ಬಿ.ಎಂ. ಯಂತ್ರದ ವಿದ್ಯುತ್ ಘಟಕ ಒಟ್ಟಾರೆ ಕೊಡಬಲ್ಲದ್ದರ ಎರಡೂವರೆ ಪಟ್ಟಿಗೂ ಮಿಕ್ಕು. ಪ್ರೊಸೆಸರು, ಡಿಸ್ಕು ಮೊದಲಾದವನ್ನು ಸೇರಿಸಿ ಸಾಧಾರಣ ಯಂತ್ರವೊಂದು ಮೈಮುರಿದು ದುಡಿಯುವಾಗ ೩೦೦ ವ್ಯಾಟ್ ನುಂಗುತ್ತದೆಂದು ಹಿಡಿಯೋಣ. ನುಂಗಿದ ವಿದ್ಯುತ್ತೆಲ್ಲ ಕಟ್ಟಕಡೆಗೆ ಶಾಖವಾಗಿಯೇ ಹೊರಬೀಳಬೇಕು. ಗಣಿತ ಮಾಡುವುದರಲ್ಲಿ ಒಂದಿಷ್ಟು ವ್ಯಯವಾಗಿ ಉಳಿದದ್ದು ಶಾಖವಾಗುತ್ತದೆಂದು ಭಾವಿಸುವವರುಂಟು, ಅದು ಸರಿಯಲ್ಲ. ಕಂಪ್ಯೂಟರೆಂದರೆ, ಶಾಖದ ಮಟ್ಟಿಗೆ, ಲೆಕ್ಕ ಬಲ್ಲ ಒಂದು ಒಲೆ.

ಈ ಒಲೆಗೆ ಎಷ್ಟು ಗಾಳಿ ಬೇಕು? ಘನಮೀಟರು ಗಾಳಿಯ ತೂಕ ಸುಮಾರು ೧.೨ ಕಿಲೋಗ್ರಾಂ. ಒಂದು ಕಿಲೋಗ್ರಾಂ ಗಾಳಿಯನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು ಸಾವಿರ ಜೂಲ್ ಶಕ್ತಿ ಸಾಕು. ಹೀಗಾಗಿ ೩೦೦ ವ್ಯಾಟ್ ಶಾಖವನ್ನು ಹೊತ್ತು ಹೊರಹೋಗುವ ಗಾಳಿ ಕೋಣೆಯ ಗಾಳಿಗಿಂತ ೧೦ ಡಿಗ್ರಿ ಮಾತ್ರ ಬಿಸಿಯಾಗಿರಬೇಕಾದರೆ ಸೆಕೆಂಡಿಗೆ ೨೫ ಲೀಟರ್ ಗಾಳಿ ಹರಿಯಬೇಕು. ಕೊಡವೊಂದಕ್ಕೆ ೧೫ ಲೀಟರೆಂದರೆ ಪ್ರತಿ ಸೆಕೆಂಡಿಗೂ ಒಂದೂವರೆ ಕೊಡಕ್ಕೆ ಮಿಕ್ಕಿದ ಗಾಳಿ. ಹರಿಯುವ ದಾರಿ ಇಕ್ಕಟ್ಟಾಗಿ ಗಾಳಿ ಅರ್ಧಕ್ಕಿಳಿದರೆ ಏರಿಕೆ ೨೦ ಡಿಗ್ರಿಯಾಗುತ್ತದೆ. ಇದರಲ್ಲಿ ಗೂಢವಾದುದು ಏನೂ ಇಲ್ಲ. ಮೂರನೆಯ ಫಾರಂ ಹುಡುಗನೂ ಮಾಡಬಹುದಾದ ಗುಣಾಕಾರ. ಆದರೂ ಅಗ್ಗದ ಪೆಟ್ಟಿಗೆಯೊಂದರ ಒಳಿತು ಕೆಡುಕು ಈ ಗುಣಾಕಾರದಲ್ಲೇ ಅಡಗಿದೆ.

ಶಾಖ ಮಿತಿ ಮೀರಿದರೆ ಯಂತ್ರ ಕೂಡಲೇ ಸುಟ್ಟುಹೋಗುವುದಿಲ್ಲ. ಇಂದಿನ ಪ್ರೊಸೆಸರುಗಳು ಬುದ್ಧಿವಂತ ಎತ್ತುಗಳಂತೆ. ೯೦ರಿಂದ ೧೦೦ ಡಿಗ್ರಿಯ ಹತ್ತಿರ ತಮ್ಮ ಗಡಿ ಮುಟ್ಟುತ್ತಲೇ ತಾವಾಗಿಯೇ ನಡಿಗೆಯನ್ನು ನಿಧಾನ ಮಾಡಿಕೊಳ್ಳುತ್ತವೆ. ಇದು ಒಳ್ಳೆಯದೂ ಹೌದು, ಮೋಸವೂ ಹೌದು. ಹೆಚ್ಚು ಬೆಲೆ ಕೊಟ್ಟು ಕೊಂಡ ವೇಗ ಸದ್ದಿಲ್ಲದೆ ಸೋರಿಹೋಗುತ್ತದೆ; ಒಡೆಯನಿಗೆ ಅದರ ಅರಿವೇ ಇರುವುದಿಲ್ಲ. ಜೊತೆಗೆ ವಿದ್ಯುತ್ ಘಟಕದಲ್ಲಿ, ಕೆಲವು ಮದರ್‌ಬೋರ್ಡುಗಳಲ್ಲಿ ಇರುವ ಎಲೆಕ್ಟ್ರೋಲೈಟಿಕ್ ಕೆಪಾಸಿಟರುಗಳ ಆಯುಸ್ಸು ಪ್ರತಿ ೧೦ ಡಿಗ್ರಿಗೆ ಹೆಚ್ಚುಕಡಿಮೆ ಅರ್ಧವಾಗುತ್ತದೆಂಬುದು ಎಂಜಿನಿಯರುಗಳ ಒರಟು ಲೆಕ್ಕ.

ಪೆಟ್ಟಿಗೆ ತಯಾರಿಸುವವರು ಇದನ್ನು ಅರಿಯದವರಲ್ಲ. ಆದರೂ ೨೦೧೬ರ ಸುಮಾರಿಗೆ ಮುಂಭಾಗವನ್ನು ಸಪಾಟಾಗಿ ಮುಚ್ಚಿಬಿಡುವ ಶೋಕಿ ಪ್ರಬಲವಾಗಿತ್ತು. ಅಮೆರಿಕದ ಎನ್.ಝೆಡ್.ಎಕ್ಸ್.ಟಿ. ಸಂಸ್ಥೆ ೨೦೧೯ರಲ್ಲಿ ಹೊರತಂದ ಎಚ್-೫೧೦ ಇದಕ್ಕೆ ಒಳ್ಳೆಯ ನಿದರ್ಶನ. ಆಗ ಆ ದೇಶದಲ್ಲಿ ಅದರ ಬೆಲೆ ೭೦ ಡಾಲರಿತ್ತು. ರೂಪದಲ್ಲಿ ಅದಕ್ಕೆ ಸರಿಸಾಟಿಯಾದವು ಆ ಬೆಲೆಗೆ ಕಡಿಮೆಯೇ: ಒಂದು ಪಕ್ಕಕ್ಕೆ ಗಾಜು, ತಂತಿಗಳನ್ನು ಮರೆಮಾಡುವ ಉಕ್ಕಿನ ಪಟ್ಟಿ, ಮುಂದೆ ಒಂದೂ ರಂಧ್ರವಿಲ್ಲದ ನುಣುಪಾದ ತಗಡು. ಗಾಳಿ ಒಳಬರಬೇಕಾದರೆ ಆ ತಗಡಿನ ಪಕ್ಕದ ಸಂದಿಯಿಂದಲೂ ಕೆಳಗಿನ ಇಕ್ಕಟ್ಟಿನಿಂದಲೂ ನುಸುಳಬೇಕು. ಸಂಸ್ಥೆ ಕೊಟ್ಟಿದ್ದ ಎರಡು ಫ್ಯಾನುಗಳೂ, ಒಂದು ಹಿಂದೆ ಒಂದು ಮೇಲೆ, ಗಾಳಿಯನ್ನು ಹೊರಗೆಸೆಯುವವೇ. ಒಳಗೆ ತರುವುದಕ್ಕೆ ಒಂದೂ ಇರಲಿಲ್ಲ. ಆದಾಯವಿಲ್ಲದೆ ವೆಚ್ಚ ಮಾಡುವ ಮನೆಯಂತೆ. ೨೦೨೧ರಲ್ಲಿ ಅದೇ ಸಂಸ್ಥೆ ಅದೇ ಪೆಟ್ಟಿಗೆಯ ಮುಂಭಾಗಕ್ಕೆ ರಂಧ್ರಗಳನ್ನು ಕೊರೆದು ಎಚ್-೫೧೦ ಫ್ಲೋ ಎಂಬ ಹೆಸರಿನಲ್ಲಿ ಮಾರಿತು. ಫ್ಯಾಂಟೆಕ್ಸ್ ಸಂಸ್ಥೆಯ ಕಥೆಯೂ ಇದೇ: ೨೦೧೬ರ ಪಿ-೪೦೦ ಮುಚ್ಚಿದ ಮುಖದ್ದು, ೨೦೧೯ರ ಪಿ-೪೦೦ ಎ ಜಾಲರಿಯ ಮುಖದ್ದು. ಸ್ವೀಡನ್ನಿನ ಫ್ರ್ಯಾಕ್ಟಲ್ ಡಿಸೈನ್ ತನ್ನ ಮುಚ್ಚಿದ ಡಿಫೈನ್-ಸಿ ಪೆಟ್ಟಿಗೆಯ ಮರುವರ್ಷವೇ, ೨೦೧೭ರಲ್ಲಿ, ಜಾಲರಿಯ ಮೆಶಿಫೈ-ಸಿ ತಂದಿತು. ಮುಚ್ಚಿದ್ದ ಬಾಗಿಲನ್ನು ತೆರೆದದ್ದಕ್ಕೆ ಒಂದೊಂದು ಹೊಸ ಹೆಸರು!

ನ್ಯಾಯವಾಗಿ ಹೇಳುವುದಾದರೆ ಮುಚ್ಚಿದ ಪೆಟ್ಟಿಗೆಗೂ ಒಂದು ಸ್ಥಾನವಿದೆ. ಪತ್ರ ಬರೆಯುವುದಕ್ಕೆ, ಲೆಕ್ಕಪತ್ರ ಇಡುವುದಕ್ಕೆ ಬಳಸುವ, ಗ್ರಾಫಿಕ್ಸ್ ಕಾರ್ಡಿಲ್ಲದ ಯಂತ್ರಕ್ಕೆ ಅದು ಧಾರಾಳವಾಗಿ ಸಾಕು, ಸದ್ದೂ ಕಡಿಮೆ. ಆದರೆ ಸೊಗಸಿಗಾಗಿ ಮುಚ್ಚಲೇಬೇಕಾಯಿತೆಂಬ ವಾದವನ್ನು ಒಪ್ಪುವುದು ಕಷ್ಟ. ಬೇಲೂರಿನ ಚೆನ್ನಕೇಶವ ದೇವಾಲಯದ ಕಲ್ಲಿನ ಜಾಲಂಧ್ರಗಳನ್ನು ಕಂಡವರಿಗೆ, ರಂಧ್ರಗಳನ್ನೇ ಅಲಂಕಾರವಾಗಿಸಬಹುದೆಂದು ಬೇರೆ ಹೇಳಬೇಕಾಗಿಲ್ಲ.

ಇನ್ನು ನಿಜವಾಗಿಯೂ ಅಗ್ಗವಾದ ಪೆಟ್ಟಿಗೆಯೊಂದನ್ನು ಎದುರಿಗಿಟ್ಟುಕೊಂಡು ನೋಡಬಹುದು. ತೈವಾನಿನ ಕೂಲರ್ ಮಾಸ್ಟರ್ ೧೯೯೨ರಲ್ಲಿ ಸ್ಥಾಪನೆಯಾದ ಸಂಸ್ಥೆ. ಹೆಸರೇ ಹೇಳುವಂತೆ ತಂಪು ಮಾಡುವ ಸಲಕರಣೆಗಳೇ ಅದರ ಮೂಲ ಕಸುಬು. ೨೦೧೮ರಲ್ಲಿ ಅದು ಮಾರುಕಟ್ಟೆಗೆ ತಂದ ಮಾಸ್ಟರ್‌ಬಾಕ್ಸ್ ಕ್ಯೂ-೩೦೦ ಎಲ್ ಎಂಬ ಪೆಟ್ಟಿಗೆ ಅಮೆರಿಕದಲ್ಲಿ ೪೦-೫೦ ಡಾಲರಿನ ನಡುವೆ ಮಾರಾಟವಾಗಿ ಬಡ ಹವ್ಯಾಸಿಗಳ ಮೆಚ್ಚಿಗೆಗೆ ಪಾತ್ರವಾಯಿತು. ಉದ್ದ ೩೮೭ ಮಿಲಿಮೀಟರು, ಅಗಲ ೨೩೦, ಎತ್ತರ ೩೮೧. ಅಂದರೆ ಹೊರ ಅಳತೆಯಲ್ಲಿ ೩೪ ಲೀಟರಿನಷ್ಟು ಜಾಗ. ಹಿಂದೆ ಹೇಳಿದ ೩೦೦ ವ್ಯಾಟ್ ಯಂತ್ರವನ್ನು ಇದರಲ್ಲಿಟ್ಟರೆ ಒಳಗಿನ ಗಾಳಿಯೆಲ್ಲ ಒಂದೂಕಾಲು ಒಂದೂವರೆ ಸೆಕೆಂಡಿಗೊಮ್ಮೆ ಬದಲಾಗುತ್ತಿರಬೇಕೆಂದಾಯಿತು.

ರಚನೆಯ ವಿಷಯದಲ್ಲಿ ಇದನ್ನು ಮೆಚ್ಚಲೇಬೇಕು. ಮುಂದೆ, ಮೇಲೆ, ಕೆಳಗೆ ಎಲ್ಲ ಕಡೆಯೂ ಉಕ್ಕಿನ ತಗಡಿಗೆ ಧಾರಾಳವಾಗಿ ರಂಧ್ರಗಳನ್ನು ಕೊರೆದಿದ್ದಾರೆ. ಹಳೆಯ ಪೆಟ್ಟಿಗೆಗಳಲ್ಲಿ ಮುಂಭಾಗದ ಗಾಳಿಗೆ ಅಡ್ಡಲಾಗಿ ನಿಲ್ಲುತ್ತಿದ್ದ ಡಿಸ್ಕುಗಳ ಗೂಡು ಇಲ್ಲಿಲ್ಲ. ಆದ್ದರಿಂದ ಮುಂದಿನಿಂದ ಬಂದ ಗಾಳಿ ಗ್ರಾಫಿಕ್ಸ್ ಕಾರ್ಡನ್ನೂ ಪ್ರೊಸೆಸರನ್ನೂ ನೇರವಾಗಿ ತಲುಪಬಲ್ಲುದು. ಪುಟ್ಟ ಮೈಯಲ್ಲಿ ೩೬ ಸೆಂಟಿಮೀಟರ್ ಉದ್ದದವರೆಗಿನ ಕಾರ್ಡು ಹಿಡಿಯುತ್ತದೆ. ಪ್ರೊಸೆಸರಿನ ಮೇಲೆ ೧೬ ಸೆಂಟಿಮೀಟರಿಗೆ ತುಸು ಕಡಿಮೆ ಎತ್ತರದ ಶಾಖಹಾರಿ ನಿಲ್ಲುತ್ತದೆ. ಗುಂಡಿಗಳೂ ಯು.ಎಸ್.ಬಿ. ಕಿಂಡಿಗಳೂ ಇರುವ ಪುಟ್ಟ ಫಲಕವನ್ನು ಬಿಚ್ಚಿ ಆರು ಸ್ಥಾನಗಳಲ್ಲಿ ಬೇಕಾದಲ್ಲಿಗೆ ಕೂರಿಸಬಹುದೆಂಬುದು ಜಾಣ ಯೋಚನೆ. ಮೇಜಿನ ಕೆಳಗೆ ಇಡುವವರಿಗೂ ಮೇಲೆ ಇಡುವವರಿಗೂ ಒಂದೇ ಪೆಟ್ಟಿಗೆ ಒಪ್ಪುತ್ತದೆ.

ಉಳಿತಾಯ ಮಾಡಿದ ಕಡೆಗಳೂ ಕಾಣುತ್ತವೆ. ಪಕ್ಕದ ಪಾರದರ್ಶಕ ಹಲಗೆ ಗಾಜಿನದಲ್ಲ, ಅಕ್ರಿಲಿಕ್. ಒರಟು ಬಟ್ಟೆಯಲ್ಲಿ ಒರೆಸಿದರೆ ಗೀರು ಬೀಳುತ್ತದೆ. ವಿದ್ಯುತ್ ಘಟಕಕ್ಕೆ ಮರೆಯಿಲ್ಲದ ಕಾರಣ ತಂತಿಗಳ ಗೊಂಡೆ ಆ ಹಲಗೆಯ ಮೂಲಕ ಎಲ್ಲರಿಗೂ ಕಾಣುತ್ತದೆ. ದೊಡ್ಡ ಅಳತೆಯ ಮದರ್‌ಬೋರ್ಡು ಇದಕ್ಕೆ ಒಗ್ಗದು. ಎಲ್ಲ ಕಡೆ ತೆರೆದಿರುವುದರಿಂದ ಫ್ಯಾನಿನ ಸದ್ದೂ ಎಲ್ಲ ಕಡೆಯಿಂದ ಹೊರಬರುತ್ತದೆ. ಇವೆಲ್ಲ ಸಹಿಸಬಹುದಾದ ಕೊರತೆಗಳು. ಸಹಿಸಬಾರದ ಕೊರತೆ ಒಂದೇ: ಪೆಟ್ಟಿಗೆಯೊಡನೆ ಬರುವುದು ಹಿಂಭಾಗದ ಒಂದೇ ೧೨೦ ಮಿಲಿಮೀಟರಿನ ಫ್ಯಾನು.

ಈ ಒಂಟಿ ಫ್ಯಾನು ಏನು ಮಾಡುತ್ತದೆಂಬುದನ್ನು ಸ್ವಲ್ಪ ವಿಚಾರಿಸಬೇಕು. ಅದು ಒಳಗಿನ ಗಾಳಿಯನ್ನು ಹೊರಗೆಸೆಯುತ್ತದೆ. ಒಳಗೆ ಒತ್ತಡ ತುಸು ಇಳಿಯುತ್ತದೆ. ಆ ಕೊರತೆಯನ್ನು ತುಂಬಲು ಹೊರಗಿನ ಗಾಳಿ ನುಗ್ಗುತ್ತದೆ. ಆದರೆ ಎಲ್ಲಿಂದ? ಗಾಳಿಗೂ ನೀರಿನ ಸ್ವಭಾವವೇ. ಎಲ್ಲಿ ಅಡ್ಡಿ ಕಡಿಮೆಯೋ ಅಲ್ಲಿಂದ. ಫ್ಯಾನಿನ ನೆತ್ತಿಯ ಮೇಲೆ, ಒಂದು ಗೇಣು ದೂರದಲ್ಲಿ, ಮೇಲ್ಭಾಗದ ರಂಧ್ರಗಳಿವೆ. ಕೆಳಗೆ ಕಾರ್ಡುಗಳ ಬಳಿಯ ಹಿಂಬದಿಯ ಕಿಂಡಿಗಳಿವೆ. ಅಲ್ಲಿಂದ ಒಳಬಂದ ಗಾಳಿ ಯಾವ ಬಿಸಿಭಾಗವನ್ನೂ ಮುಟ್ಟದೆ ಅಡ್ಡದಾರಿ ಹಿಡಿದು ಹೊರಟೇ ಹೋಗುತ್ತದೆ. ಹೆಬ್ಬಾಗಿಲಲ್ಲಿ ಬಂದು ಜಗುಲಿಯಲ್ಲೇ ತಿರುಗಿ ಹೋದ ನೆಂಟನಂತೆ. ಎಲ್ಲ ಕಡೆ ರಂಧ್ರಗಳಿರುವುದು ಗುಣವೆಂದು ಹಿಂದೆ ಹೊಗಳಿದ್ದು ಇಲ್ಲಿ ದೋಷವಾಗಿ ತಿರುಗುತ್ತದೆ. ಇತ್ತ ೧೭೦ ವ್ಯಾಟಿನ ಗ್ರಾಫಿಕ್ಸ್ ಕಾರ್ಡು ತಾನು ಹೊರಬಿಟ್ಟ ಬಿಸಿಗಾಳಿಯನ್ನೇ ಮತ್ತೆ ಮತ್ತೆ ಕುಡಿಯುತ್ತ ಕುಳಿತಿರುತ್ತದೆ. ಬಿಸಿಗಾಳಿ ತಾನಾಗಿ ಮೇಲೇರಿ ಹೋಗುತ್ತದಲ್ಲ ಎಂಬ ಸಮಾಧಾನ ಬೇಡ. ಫ್ಯಾನುಗಳು ತಿರುಗುವ ಇಂಥ ಪುಟ್ಟ ಪೆಟ್ಟಿಗೆಯಲ್ಲಿ ಆ ಏರಿಕೆಯ ಬಲ ತೀರ ಅಲ್ಪ.

ಮತ್ತೊಂದು ತೊಡಕು ಧೂಳಿನ ಜರಡಿ. ಹೊರ ರಂಧ್ರಗಳ ಮೇಲೆ ಅಯಸ್ಕಾಂತದಿಂದ ಅಂಟಿ ನಿಲ್ಲುವ, ಚಿತ್ತಾರವಿರುವ ತೆಳು ಹಾಳೆಗಳನ್ನು ಸಂಸ್ಥೆ ಕೊಟ್ಟಿದೆ. ತೆಗೆಯುವುದು ಸುಲಭ, ತೊಳೆಯುವುದು ಸುಲಭ, ನೋಡುವುದಕ್ಕೂ ಚೆನ್ನ. ಆದರೆ ಜರಡಿ ನವುರಾದಷ್ಟೂ ಗಾಳಿಗೆ ಅಡ್ಡಿ. ಫ್ಯಾನಿನ ಡಬ್ಬಿಯ ಮೇಲೆ ಮುದ್ರಿಸಿರುವ ಗಾಳಿಯ ಪ್ರಮಾಣ ಎದುರಿಗೆ ಏನೂ ಅಡ್ಡವಿಲ್ಲದಾಗ ಅಳೆದದ್ದು. ಜರಡಿಯೂ ತಗಡಿನ ರಂಧ್ರಗಳೂ ಎದುರಾದಾಗ ಅಷ್ಟು ಹರಿವು ಯಾವ ಫ್ಯಾನಿನಿಂದಲೂ ಬಾರದು. ಜರಡಿಯ ಮೇಲೆ ಧೂಳು ಕೂತ ಮೇಲಂತೂ ಕೇಳುವುದೇ ಬೇಡ.

ಇದರ ಪರಿಹಾರ ದುಬಾರಿಯಲ್ಲ. ಮುಂಭಾಗದಲ್ಲಿ ೧೨೦ ಮಿಲಿಮೀಟರಿನ ಎರಡು ಫ್ಯಾನುಗಳಿಗೆ ಜಾಗ ಖಾಲಿಯಾಗಿಯೇ ಇದೆ. ಅಲ್ಲಿ ಗಾಳಿಯನ್ನು ಒಳತಳ್ಳುವಂತೆ ಎರಡು ಸಾದಾ ಫ್ಯಾನುಗಳನ್ನು ಕೂರಿಸಿದರೆ ಚಿತ್ರವೇ ಬದಲಾಗುತ್ತದೆ. ತಂಪುಗಾಳಿ ಮೊದಲು ಕಾರ್ಡಿಗೂ ಪ್ರೊಸೆಸರಿಗೂ ಮುಟ್ಟಿ, ಬಿಸಿಯಾಗಿ ಹಿಂದಿನ ಫ್ಯಾನಿನ ಕೈಸೇರುತ್ತದೆ. ಒಳಬರುವುದು ಹೊರಹೋಗುವುದಕ್ಕಿಂತ ಹೆಚ್ಚಾದಾಗ ಒಳಗಿನ ಒತ್ತಡ ತುಸು ಏರಿ, ಸಂದುಗೊಂದುಗಳಿಂದ ಗಾಳಿ ಹೊರನುಗ್ಗುತ್ತದೆಯೇ ಹೊರತು ಧೂಳು ಒಳನುಸುಳುವುದಿಲ್ಲ. ಬರುವ ಗಾಳಿಯೆಲ್ಲ ಜರಡಿಯ ಮೂಲಕವೇ ಬರಬೇಕಾಗುತ್ತದೆ. ಮೇಲ್ಭಾಗಕ್ಕೂ ಫ್ಯಾನು ಹಾಕಬೇಕೇ ಎಂದು ಕೇಳುವವರುಂಟು. ಮೊದಲ ಹಣ ಮುಂಭಾಗಕ್ಕೇ ಸಲ್ಲಬೇಕು; ಮೇಲಿನದು ಆಮೇಲಿನ ಮಾತು. ಬಣ್ಣದ ದೀಪವಿಲ್ಲದ ಎರಡು ಫ್ಯಾನುಗಳ ಬೆಲೆ ಗ್ರಾಫಿಕ್ಸ್ ಕಾರ್ಡಿನ ಬೆಲೆಯ ಎದುರು ಒಗ್ಗರಣೆಯ ಸಾಸಿವೆಯಷ್ಟು. ಈ ಎರಡು ಫ್ಯಾನುಗಳನ್ನು ಸೇರಿಸಿಕೊಂಡೇ ಕ್ಯೂ-೩೦೦ ಎಲ್ ಪೆಟ್ಟಿಗೆಯ ಬೆಲೆಯನ್ನು ಎಣಿಸಬೇಕು. ಹಾಗೆ ಎಣಿಸಿದ ಮೇಲೂ ಅದು ಅಗ್ಗವೇ. ಅವಿಲ್ಲದೆ ಕೊಂಡರೆ ಅರ್ಧ ಪೆಟ್ಟಿಗೆಯನ್ನು ಕೊಂಡಂತೆ.

ಒಂದು ಪೆಟ್ಟಿಗೆ ಇನ್ನೊಂದಕ್ಕಿಂತ ತಂಪೆಂದು ಹೇಳುವವರ ಮಾತನ್ನು ತೂಗುವ ಬಗೆಯೊಂದುಂಟು. ಪ್ರೊಸೆಸರು ೭೨ ಡಿಗ್ರಿಯಿತ್ತೆಂಬ ಹೇಳಿಕೆಗೆ ತನ್ನಷ್ಟಕ್ಕೆ ಅರ್ಥವಿಲ್ಲ. ಡಿಸೆಂಬರಿನ ಮಡಿಕೇರಿಯಲ್ಲಿ ೭೨ ಡಿಗ್ರಿಯೆಂದರೆ ಪೆಟ್ಟಿಗೆ ಉಸಿರುಗಟ್ಟಿದೆಯೆಂದು ಅರ್ಥವಾದೀತು. ಏಪ್ರಿಲಿನ ರಾಯಚೂರಿನಲ್ಲಿ ಅದೇ ೭೨ ಸೊಗಸಾದ ಸಾಧನೆ. ಅಳೆದ ಶಾಖದಿಂದ ಕೋಣೆಯ ಶಾಖವನ್ನು ಕಳೆದು, ಉಳಿದ ಅಂತರವನ್ನೇ ಹೋಲಿಸಬೇಕು. ಭಾಗಗಳು ಅವೇ ಇರಬೇಕು, ಫ್ಯಾನಿನ ವೇಗ ಒಂದೇ ಇರಬೇಕು, ಅರ್ಧ ಗಂಟೆಯಾದರೂ ಯಂತ್ರ ದುಡಿದು ಶಾಖ ಒಂದೆಡೆ ನೆಲೆನಿಂತಿರಬೇಕು. ಮನೆಯಲ್ಲೂ ಇದನ್ನು ಮಾಡಬಹುದು: ಜರಡಿಯಿದ್ದಾಗ ಒಮ್ಮೆ, ತೆಗೆದು ಒಮ್ಮೆ ಅಳೆದು ನೋಡಿದರೆ ಎಷ್ಟು ಡಿಗ್ರಿ ಜರಡಿಯ ಪಾಪವೆಂದು ಗೊತ್ತಾಗುತ್ತದೆ. ಗಾಳಿಯ ದಾರಿಯನ್ನು ಕಣ್ಣಾರೆ ಕಾಣಬೇಕೆಂಬವರಿಗೆ ಒಂದು ಊದುಬತ್ತಿ ಸಾಕು. ಹೊಗೆಯನ್ನು ಮುಂದಿನ ಜಾಲರಿಯ ಬಳಿ ಹಿಡಿದಾಗ ಅದು ಒಳಗೆ ಸೆಳೆಯಲ್ಪಡಬೇಕು. ಸುಮ್ಮನೆ ನೆಟ್ಟಗೆ ಮೇಲೇರಿದರೆ ಅಲ್ಲಿ ಗಾಳಿಯೇ ಹರಿಯುತ್ತಿಲ್ಲ. ನಿಮಿಷದ ಪರೀಕ್ಷೆ ಮುಗಿದೊಡನೆ ಊದುಬತ್ತಿಯನ್ನು ದೇವರ ಮುಂದಕ್ಕೇ ಒಯ್ಯುವುದು ಒಳ್ಳೆಯದು; ಅದರ ಹೊಗೆ ಫ್ಯಾನಿಗೆ ನೈವೇದ್ಯವಲ್ಲ.

ತೈವಾನಿನಲ್ಲಿ ರೂಪುಗೊಂಡ ಪೆಟ್ಟಿಗೆ ಕಲಬುರ್ಗಿಗೋ ರಾಯಚೂರಿಗೋ ಬಂದಾಗ ಲೆಕ್ಕ ಇನ್ನಷ್ಟು ಬಿಗಿಯಾಗುತ್ತದೆ. ಅಲ್ಲಿ ಬೇಸಿಗೆಯ ಶಾಖ ೪೦ ಡಿಗ್ರಿ ದಾಟುವುದು ವರ್ಷ ವರ್ಷದ ಮಾತು. ಫ್ಯಾನು ತಂಪನ್ನು ಹುಟ್ಟಿಸಲಾರದು. ಒಳಗಿನ ಗಾಳಿಯನ್ನು ಕೋಣೆಯ ಗಾಳಿಯೊಡನೆ ಬದಲಿಸುವುದಷ್ಟೇ ಅದರ ಕೆಲಸ. ಕೋಣೆ ೪೦ ಡಿಗ್ರಿಯಿದ್ದರೆ, ಗಾಳಿ ಚೆನ್ನಾಗಿ ಹರಿಯುವ ಪೆಟ್ಟಿಗೆಯಿಂದ ಹೊರಬೀಳುವ ಗಾಳಿ ೫೦, ಅರ್ಧ ಹರಿವಿನ ಪೆಟ್ಟಿಗೆಯದು ೬೦. ಪ್ರೊಸೆಸರೂ ಕಾರ್ಡೂ ತಮ್ಮ ಶಾಖವನ್ನು ಆ ಗಾಳಿಗೇ ಇಳಿಸಬೇಕು. ಬೆಂಗಳೂರಿನ ಅಂಗಡಿಯ ತಂಪಿನಲ್ಲಿ ಪರೀಕ್ಷಿಸಿದಾಗ ಎರಡೂ ಪೆಟ್ಟಿಗೆಗಳು ಸಮನಾಗಿಯೇ ತೋರಿಯಾವು. ಮೇ ತಿಂಗಳ ನಡುಹಗಲು ಪರೀಕ್ಷೆಗೆ ಕೂತ ಹುಡುಗಿಯ ಯಂತ್ರ ನಡಿಗೆ ತಗ್ಗಿಸುವುದು ಎರಡನೆಯ ಪೆಟ್ಟಿಗೆಯಲ್ಲೇ.

ಆ ಊರುಗಳಲ್ಲಿ ಬಿಸಿಲಿನೊಡನೆ ಧೂಳೂ ಉಂಟು. ಹತ್ತಿ ಬಿಡಿಸುವ ಕಾಲದಲ್ಲಿ ಗಾಳಿಯಲ್ಲಿ ತೇಲುವ ನವುರು ಎಳೆಗಳು ಜರಡಿಗೆ ಕಂಬಳಿ ಹೊದಿಸಿದಂತೆ ಕೂರುತ್ತವೆ. ಹಾಗೆಂದು ಜರಡಿಯನ್ನೇ ಕಿತ್ತೆಸೆಯುವುದು ಜಾಣತನವಲ್ಲ. ಧೂಳು ಆಗ ಶಾಖಹಾರಿಯ ಹಲ್ಲುಗಳ ನಡುವೆ ಹೋಗಿ ಕೂರುತ್ತದೆ, ಅಲ್ಲಿಂದ ತೆಗೆಯುವುದು ಹತ್ತರಷ್ಟು ಕಷ್ಟ. ಅಡುಗೆಮನೆಯ ಬಾಗಿಲಿಗೆದುರಾಗಿ ಯಂತ್ರವನ್ನಿಡುವುದೂ ಬೇಡ. ಒಗ್ಗರಣೆಯ ಎಣ್ಣೆಯ ಆವಿ ಸೋಕಿದ ಧೂಳು ಫ್ಯಾನಿನ ಅಲಗುಗಳಿಗೆ ಮೇಣದಂತೆ ಅಂಟಿಬಿಡುತ್ತದೆ. ವಿದ್ಯುತ್ ಘಟಕ ಕೆಳಗಿನಿಂದ ಉಸಿರೆಳೆಯುವುದರಿಂದ ಪೆಟ್ಟಿಗೆ ಗಟ್ಟಿ ನೆಲದ ಮೇಲೋ ಹಲಗೆಯ ಮೇಲೋ ನಿಲ್ಲಬೇಕು. ಚಾಪೆ ಜಮಖಾನಗಳ ಮೇಲೆ ಸಲ್ಲದು. ಬೆನ್ನಿಗೂ ಗೋಡೆಗೂ ಒಂದು ಗೇಣು ಅಂತರವಿರಲಿ.

ಜರಡಿಯನ್ನು ಚಳಿಗಾಲದಲ್ಲಿ ತಿಂಗಳಿಗೊಮ್ಮೆ, ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ತೆಗೆದು ನಲ್ಲಿಯ ಕೆಳಗೆ ಹಿಡಿದರೆ ಸಾಕು, ಸಾಬೂನು ಬೇಡ. ಒದ್ದೆಯಿರುವಾಗ ಮತ್ತೆ ಹಾಕಬಾರದು. ನೆರಳಿನಲ್ಲಿ ಒಣಹಾಕಿ, ಪೂರ್ತಿ ಆರಿದ ಮೇಲೆ ಅದರ ಅಯಸ್ಕಾಂತದ ಅಂಚನ್ನು ತಗಡಿನ ಬಳಿ ಹಿಡಿದರೆ ತಾನಾಗಿಯೇ ಅಂಟಿಕೊಳ್ಳುತ್ತದೆ.